ಮನೆಯ ಪ್ರಾಣಿಗಳಿಂದ ಮಕ್ಕಳಿಗೆ ತಗಲುವ ರೋಗಗಳನ್ನು ಗುರುತಿಸುವ ವಿಷಯ

(ಕುಟುಂಬಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



ಮರೋಳ, ಹುನಗುಂದ, ಇಳಕಲ್ಲ ಸೀಮೆಯ ಯಾವ ಮನೆಯನ್ನು ಹೊಕ್ಕು ನೋಡಿದರೂ ಅಲ್ಲಿ ಮನುಷ್ಯರು ಮಾತ್ರವೇ ವಾಸಿಸುವದಿಲ್ಲ. ಬಾಗಿಲಲ್ಲಿ ನಾಯಿ, ಒಲೆಯ ಬಳಿಯಲ್ಲಿ ಬೆಕ್ಕು, ಗೋದಲಿಯಲ್ಲಿ ಆಕಳು, ಗೂಟಕ್ಕೆ ಕಟ್ಟಿದ ಆಡು, ಬುಟ್ಟಿಯ ಕೆಳಗೆ ಕೋಳಿಮರಿಗಳು, ಇವೆಲ್ಲ ಒಂದೇ ಮಾಳಿಗೆಯ ಕೆಳಗೆ ಇರುವವು. ನಾಯಿಯು ಹೊಲವನ್ನು ಕಾಯುವದು. ಬೆಕ್ಕು ಜೋಳದ ಚೀಲಗಳನ್ನು ಇಲಿಗಳಿಂದ ಕಾಯುವದು. ಆಡು ಬಡವನ ಕಷ್ಟಕಾಲಕ್ಕೆ ಕೂಡಿಸಿಟ್ಟ ಹಣದಂತೆ ಇರುವದು. ಮಕ್ಕಳಿಗಾದರೋ ಇವೆಲ್ಲವೂ ಆಟದ ಸಂಗಡಿಗರೇ.

ಇದರಲ್ಲಿ ದೋಷವೇನೂ ಇಲ್ಲ. ಪ್ರಾಣಿಗಳನ್ನು ಸಾಕಿದ ಮನೆಯಲ್ಲಿ ಬೆಳೆದ ಮಗುವು ದಯೆಯನ್ನೂ ಜವಾಬ್ದಾರಿಯನ್ನೂ ಸಹಜವಾಗಿಯೇ ಕಲಿಯುವದು. ಆದರೂ ಕೆಲವು ರೋಗಗಳು ಪ್ರಾಣಿಯಿಂದ ಮಗುವಿನ ಮೈಗೆ ದಾಟುತ್ತವೆಂಬದನ್ನು ನಾವು ತಿಳಿದಿರಬೇಕು. ಹೀಗೆ ದಾಟಿದ ರೋಗವು ತಾನು ನಾಯಿಯಿಂದ ಬಂದೆನೆಂದಾಗಲಿ ಆಡಿನಿಂದ ಬಂದೆನೆಂದಾಗಲಿ ಹೇಳಿಕೊಂಡು ಬರುವದಿಲ್ಲ. ಅದು ಬಹಳ ಸಾರಿ ಬೇರೊಂದು ರೋಗದ ರೂಪವನ್ನು ತಾಳಿ, ಪ್ರಾಣಿಯನ್ನು ಮುಟ್ಟಿದ ದಿನವು ಮರೆತುಹೋದ ಮೇಲೆ ಕಾಣಿಸಿಕೊಳ್ಳುವದು.

ಆದದರಿಂದ ಈ ಪಾಠದಲ್ಲಿ ಎರಡು ಮಾತುಗಳನ್ನು ಕಲಿಯೋಣ. ಮೊದಲನೆಯದು: ಈ ರೋಗಗಳಲ್ಲಿ ಹೆಚ್ಚಿನವನ್ನು ವೈದ್ಯರು ಗುರುತಿಸಬೇಕಾದರೆ ಮನೆಯವರು ಪ್ರಾಣಿಯ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ಎರಡನೆಯದು: ಒಂದು ರೋಗವನ್ನು ಮಾತ್ರ ಗುರುತು ಕಾಣುವ ತನಕ ಕಾಯಲೇಬಾರದು, ಯಾಕಂದರೆ ಅದು ಗುರುತು ತೋರಿಸುವ ಹೊತ್ತಿಗೆ ಕಾಲವು ಮೀರಿಹೋಗಿರುವದು.

೧. ಮಕ್ಕಳಿಗೇ ಹೆಚ್ಚಾಗಿ ತಗಲುವದು ಯಾಕೆ?

ಒಂದು ಮನೆಯಲ್ಲಿ ಹತ್ತು ಮಂದಿ ಇದ್ದರೂ ಪ್ರಾಣಿಯ ರೋಗವು ಮೊದಲು ಮಗುವನ್ನೇ ಹುಡುಕಿಕೊಂಡು ಬರುವದುಂಟು. ಅದಕ್ಕೆ ಕಾರಣಗಳು ಸುಲಭವಾಗಿ ತಿಳಿಯತಕ್ಕವು. ಕೂಸು ನೆಲದ ಮೇಲೆ ಹರಿದಾಡಿ ಮಣ್ಣಾದ ಕೈಯನ್ನು ಬಾಯಿಗೆ ಇಡುವದು. ಕೆಲವು ಮಕ್ಕಳು ಮಣ್ಣನ್ನೇ ತಿನ್ನುವರು. ಹುಡುಗರು ಮರಿಗಳನ್ನು ಎತ್ತಿ ಅಪ್ಪಿಕೊಂಡು ಮುಖಕ್ಕೆ ಮುಖ ಹಚ್ಚುವರು. ಚಿಕ್ಕ ಮಗುವಿನ ಮುಖವು ನಾಯಿಯ ಬಾಯಿಯ ಎತ್ತರಕ್ಕೇ ಇರುವದರಿಂದ ನಾಯಿ ಕಚ್ಚಿದರೆ ಗಾಯವು ಮುಖಕ್ಕೋ ತಲೆಗೋ ಆಗುವದು. ಇವೆಲ್ಲಕ್ಕಿಂತ ಅಪಾಯಕರವಾದ ಕಾರಣ ಇನ್ನೊಂದುಂಟು. ಅದೇನಂದರೆ, ಬೈಗಳಿಗೆ ಹೆದರಿ ಮಕ್ಕಳು ಕಚ್ಚಿದ್ದನ್ನೂ ಪರಚಿದ್ದನ್ನೂ ಮರೆಮಾಡುವರು.

೨. ವೈದ್ಯರಿಗೆ ಹೇಳತಕ್ಕ ಆರು ಸಂಗತಿಗಳು

ವೈದ್ಯರು ಮಗುವಿನ ನಾಡಿಯನ್ನು ಹಿಡಿದು ನೋಡಬಲ್ಲರು, ಆದರೆ ನಿಮ್ಮ ಹಿತ್ತಲನ್ನು ಅಲ್ಲಿಂದ ಕಾಣಲಾರರು. ಆದದರಿಂದ ದವಾಖಾನೆಗೆ ಹೋಗುವ ಮೊದಲು ತಂದೆತಾಯಿಗಳು ಈ ಕೆಳಗಿನ ಸಂಗತಿಗಳನ್ನು ನೆನಪಿಗೆ ತಂದುಕೊಳ್ಳಬೇಕು.

ಮೊದಲನೆಯದು, ಮನೆಯಲ್ಲಿಯೂ ನೆರೆಮನೆಯಲ್ಲಿಯೂ ಯಾವ ಯಾವ ಪ್ರಾಣಿಗಳಿವೆ? ಎರಡನೆಯದು, ಇತ್ತೀಚೆಗೆ ಹೊಸ ಮರಿಯೇನಾದರೂ ಬಂದಿದೆಯೋ? ಮೂರನೆಯದು, ಯಾವದಾದರೂ ಪ್ರಾಣಿಯು ಕೂದಲುದುರಿ, ಮೈ ಕೆರೆದುಕೊಂಡು, ಕಂದು ಹಾಕಿ, ಇಲ್ಲವೆ ಕಾರಣವಿಲ್ಲದೆ ಸತ್ತುಹೋಗಿದೆಯೋ? ನಾಲ್ಕನೆಯದು, ಕಳೆದ ಕೆಲವು ತಿಂಗಳುಗಳಲ್ಲಿ ಮಗುವಿಗೆ ಕಚ್ಚಿದ, ಪರಚಿದ ಅಥವಾ ಗಾಯವನ್ನು ನೆಕ್ಕಿದ ಸಂಗತಿಯುಂಟೋ? ಐದನೆಯದು, ಮಗುವು ಮಣ್ಣು ತಿನ್ನುವದೋ, ಕಾಯಿಸದ ಹಾಲನ್ನು ಕುಡಿಯುವದೋ? ಆರನೆಯದು, ಮನೆಯಲ್ಲಿ ಮತ್ತಾರಿಗಾದರೂ ಇಂಥದೇ ಬೇನೆ ಇದೆಯೋ?

ಈ ಆರು ಸಂಗತಿಗಳನ್ನು ಕೇಳಿದ ವೈದ್ಯರು ಯಾವ ಪರೀಕ್ಷೆಯನ್ನು ಮಾಡಿಸಬೇಕೆಂದು ಬೇಗನೆ ನಿರ್ಣಯಿಸಬಲ್ಲರು. ಅವರು ಕೇಳದೆ ಹೋದರೂ ನೀವೇ ಹೇಳಿರಿ. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

೩. ಚರ್ಮದ ಮೇಲೆ ಕಾಣುವ ಗುರುತುಗಳು

ಗಜಕರ್ಣ. ಇದು ಹುಳದಿಂದ ಬರುವದಲ್ಲ; ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರದಿಂದ ಬರುವದು. ಬೆಕ್ಕಿನ ಮರಿ, ನಾಯಿಮರಿ, ಕರು ಇವುಗಳ ಮೈಯಿಂದ ಮಕ್ಕಳಿಗೆ ತಗಲುವದು. ಮೈಮೇಲೆ ಬಂದರೆ ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾದ ಉಂಗುರದಂಥ ಕಲೆ ಏಳುವದು. ತಲೆಯಲ್ಲಿ ಬಂದರೆ ಉಂಗುರವು ಕಾಣದೆ ಹೊಟ್ಟು ಎದ್ದು, ಕೂದಲು ಬುಡದಲ್ಲಿ ಮುರಿದು, ಬೋಳು ಮಚ್ಚೆಯಾಗುವದು. ಕೆಲವು ಸಾರಿ ಅದೇ ಸ್ಥಳವು ಕೀವು ತುಂಬಿದ ಹುಣ್ಣಿನಂತೆ ಬಾತುಕೊಳ್ಳುವದರಿಂದ ಜನರು ಅದನ್ನು ಕುರುವೆಂದು ತಿಳಿದು ಕೊಯ್ಯಿಸುವರು, ಹಾಗೆ ಮಾಡಬಾರದು. ವೈದ್ಯರು ಅಲ್ಲಿಯ ಹೊಟ್ಟನ್ನೂ ಮುರಿದ ಕೂದಲನ್ನೂ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ನಿಶ್ಚಯಿಸುವರು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ತಲೆಯ ಗಜಕರ್ಣವು ಬರೀ ಮುಲಾಮಿನಿಂದ ವಾಸಿಯಾಗುವದಿಲ್ಲ. ಹೊಟ್ಟೆಗೆ ಔಷಧವನ್ನು ಹಲವು ವಾರಗಳ ತನಕ ಕೊಡಬೇಕಾಗುವದು. ಇನ್ನು ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ ಕೆಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಎಂಬ ವಸ್ತುವು ಬೆರೆತಿರುವದು. ಅದನ್ನು ಹಚ್ಚಿದ ಕೂಡಲೆ ತುರಿಕೆಯು ತಗ್ಗುವದು. ಆದರೆ ಒಳಗೆ ರೋಗವು ಹಬ್ಬುತ್ತಾ ಉಂಗುರದ ಆಕಾರವು ಕೆಟ್ಟು, ಬಲ್ಲ ವೈದ್ಯರಿಗೂ ಗುರುತು ಸಿಕ್ಕದಂತಾಗುವದು.

ತುರಿಕಜ್ಜಿ. ಕಜ್ಜಿ ಹಿಡಿದ ನಾಯಿಯನ್ನು ಎತ್ತಿಕೊಂಡ ಮಗುವಿಗೆ ತೋಳಿನ ಒಳಬದಿ, ಎದೆ, ಹೊಟ್ಟೆ, ಅಂದರೆ ನಾಯಿಯ ಮೈ ತಾಗಿದ ಕಡೆಯಲ್ಲಿಯೇ, ಕೆಂಪು ಗುಳ್ಳೆಗಳೆದ್ದು ತುರಿಸುವವು. ನಾಯಿಯ ನುಸಿಯು ಮನುಷ್ಯನ ಚರ್ಮದಲ್ಲಿ ಸಂತಾನವನ್ನು ಬೆಳೆಸಲಾರದ ಕಾರಣ, ನಾಯಿಗೆ ಔಷಧ ಮಾಡಿಸಿದರೆ ಮಗುವಿನ ತುರಿಯು ತಾನಾಗಿ ಶಮನವಾಗುವದು. ಆದರೆ ಬೆರಳುಗಳ ಸಂದಿನಲ್ಲಿ ಗುಳ್ಳೆಗಳಿದ್ದು, ರಾತ್ರಿಯಲ್ಲಿ ತುರಿ ಹೆಚ್ಚಾಗಿ, ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ನಾಯಿಯನ್ನು ದೂರಬೇಡಿರಿ. ಅದು ಮನುಷ್ಯರಿಂದ ಮನುಷ್ಯರಿಗೆ ಹಬ್ಬುವ ಕಜ್ಜಿ. ಮನೆಯವರೆಲ್ಲರೂ ಒಂದೇ ದಿನ ಔಷಧವನ್ನು ಹಚ್ಚಿಕೊಂಡಲ್ಲದೆ ಅದು ಹೋಗದು.

ಹರಿಯುವ ಗೆರೆ. ನಾಯಿಬೆಕ್ಕುಗಳು ಮಲವಿಸರ್ಜಿಸಿದ ಹಸಿ ಮಣ್ಣಿನಲ್ಲಿಯೂ ಉಸುಕಿನಲ್ಲಿಯೂ ಬರಿಗಾಲಿನಿಂದ ಆಡಿದ ಮಗುವಿನ ಅಂಗಾಲಿನಲ್ಲಿ, ಕೆಲವು ಸಾರಿ ಕುಂಡಿಯ ಮೇಲೆ, ಹಾವು ಹರಿದಂತೆ ಸೊಟ್ಟಾದ ಕೆಂಪು ಗೆರೆಯು ಎದ್ದು ದಿನದಿನಕ್ಕೆ ಮುಂದೆ ಸಾಗುವದು. ಕೊಕ್ಕೆಹುಳದ ಮರಿಯು ಚರ್ಮದೊಳಗೆ ದಾರಿತಪ್ಪಿ ಅಲೆಯುವದೇ ಇದಕ್ಕೆ ಕಾರಣ. ಇದಕ್ಕೆ ರಕ್ತಪರೀಕ್ಷೆ ಬೇಡ, ಕಣ್ಣೇ ಸಾಕು. ಕಾದ ಸೂಜಿಯಿಂದ ಸುಡುವ ಹಳೆಯ ಪದ್ಧತಿಯನ್ನು ಬಿಟ್ಟು ವೈದ್ಯರು ಕೊಡುವ ಔಷಧವನ್ನು ಕುಡಿಸಿರಿ.

೪. ಬೆಕ್ಕಿನ ಉಗುರೂ ಕಂಕುಳಿನ ಗಂಟೂ

ಬೆಕ್ಕಿನ ಮರಿಯು ಮಗುವಿನ ಕೈಯನ್ನು ಪರಚಿತು, ಗಾಯವು ಮಾಯ್ದುಹೋಯಿತು, ಎಲ್ಲರೂ ಮರೆತರು. ಒಂದರಿಂದ ಮೂರು ವಾರಗಳ ಮೇಲೆ ಆ ಕೈಯ ಕಂಕುಳಲ್ಲಿಯೋ ಕುತ್ತಿಗೆಯಲ್ಲಿಯೋ ಒಂದು ಗಂಟು ಎದ್ದು ನೋಯತೊಡಗುವದು. ಸಣ್ಣ ಜ್ವರವೂ ಬರುವದು. ಬಾರ್ಟೊನೆಲ್ಲಾ ಎಂಬ ಸೂಕ್ಷ್ಮಾಣುವು ಇದಕ್ಕೆ ಕಾರಣ. ಚಿಗಟಗಳು ಅದನ್ನು ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಒಯ್ಯುವವು. ಚಿಗಟದ ಹೊಲಸು ಮೆತ್ತಿದ ಉಗುರು ಅದನ್ನು ಮಗುವಿನೊಳಕ್ಕೆ ಹೊಗಿಸುವದು. ಬೆಕ್ಕು ಮಾತ್ರ ಏನೂ ಆಗದಂತೆ ಆಡಿಕೊಂಡಿರುವದು.

ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟೆಂದ ಕೂಡಲೆ ಗಂಡಮಾಲೆ, ಅಂದರೆ ಕ್ಷಯದ ಗಂಟು, ನೆನಪಿಗೆ ಬರುವದು. ಹಾಗೆ ಸಂಶಯಪಡುವದು ಯುಕ್ತವೇ. ಆದರೆ ಪರಚಿದ ಸಂಗತಿಯನ್ನು ಹೇಳದೆ ಹೋದರೆ, ಹಲವು ತಿಂಗಳುಗಳ ಕ್ಷಯದ ಔಷಧವು ಮಗುವಿಗೆ ವ್ಯರ್ಥವಾಗಿ ಬೀಳಬಹುದು. ಬೆಕ್ಕಿನ ಕಡೆಗೇ ಬೆರಳು ತೋರಿಸಿ ಕ್ಷಯದ ಪರೀಕ್ಷೆಯನ್ನು ತಪ್ಪಿಸಿಕೊಂಡರೂ ಅಷ್ಟೇ ಕೇಡು. ಆದದರಿಂದ ಎರಡು ಮಾತುಗಳನ್ನೂ ವೈದ್ಯರ ಮುಂದೆ ಇಡಿರಿ: ಬೆಕ್ಕು ಪರಚಿತ್ತೆಂಬದನ್ನೂ, ಮನೆಯಲ್ಲಿ ಕೆಮ್ಮುವವರು ಇದ್ದಾರೋ ಇಲ್ಲವೋ ಎಂಬದನ್ನೂ. ಬೆಕ್ಕಿನ ಉಗುರಿನಿಂದ ಬಂದ ಗಂಟು ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳುಗಳೊಳಗೆ ಕರಗುವದು.

೫. ಮಣ್ಣಿನ ಮಾರ್ಗವಾಗಿ ಬರುವ ಎರಡು ಹುಳಗಳು

ಒಂದನೆಯದು ನಾಯಿಮರಿಯ ದುಂಡುಹುಳ. ನಾಯಿಮರಿಗಳು ತಾಯಿಯ ಗರ್ಭದಲ್ಲಿರುವಾಗಲೇ ಈ ಹುಳವನ್ನು ಪಡೆಯುವವು. ಮರಿಯ ಮಲದೊಂದಿಗೆ ಬಿದ್ದ ತತ್ತಿಗಳು ಮಣ್ಣಿನಲ್ಲಿ ಕೆಲವು ವಾರ ಬಲಿತು, ಮಣ್ಣು ತಿನ್ನುವ ಮಗುವಿನ ಹೊಟ್ಟೆಗೆ ಸೇರಿ ಅಲ್ಲಿ ಒಡೆಯುವವು. ಹುಳದ ಮರಿಯು ಕರುಳನ್ನು ಬಿಟ್ಟು ಯಕೃತ್ತು, ಪುಪ್ಪಸ, ಕಣ್ಣು ಇವುಗಳಲ್ಲಿ ಅಲೆದಾಡುವದು. ಆಗ ಜ್ವರ, ಉಬ್ಬಸದಂಥ ಕೆಮ್ಮು, ಹೊಟ್ಟೆಯ ಬಲಗಡೆಯಲ್ಲಿ ಬಾವು, ಇವು ಕಾಣುವವು. ಕಣ್ಣಿಗೆ ಹೋದರೆ ಒಂದೇ ಕಣ್ಣಿನ ದೃಷ್ಟಿಯು ಮಂದವಾಗುವದು, ಇಲ್ಲವೆ ಕಣ್ಣು ಓರೆಯಾಗುವದು, ಇಲ್ಲವೆ ಪಾಪೆಯು ಬೆಳ್ಳಗೆ ಹೊಳೆಯುವದು. ಪಾಪೆ ಬೆಳ್ಳಗಾಗುವದು ಮಕ್ಕಳ ಕಣ್ಣಿನ ಕ್ಯಾನ್ಸರಿನ ಗುರುತೂ ಆಗಿರುವದರಿಂದ ಅಂಥ ಮಗುವನ್ನು ಒಂದು ದಿನವೂ ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಒಯ್ಯಬೇಕು.

ಇಲ್ಲಿ ಒಂದು ವಿಶೇಷವನ್ನು ಗಮನಿಸಿರಿ. ಹೊಟ್ಟೆಯ ಹುಳವೆಂದರೆ ಮಲವನ್ನು ಪರೀಕ್ಷಿಸಿದರೆ ಸಾಕೆಂದು ನಾವು ತಿಳಿಯುತ್ತೇವೆ. ಆದರೆ ಈ ಹುಳವು ಮನುಷ್ಯನ ಕರುಳಿನಲ್ಲಿ ಬೆಳೆದು ತತ್ತಿಯಿಡುವದೇ ಇಲ್ಲ. ಆದದರಿಂದ ಮಗುವಿನ ಮಲದಲ್ಲಿ ಏನೂ ಕಾಣದಿದ್ದರೂ ರೋಗವು ಇರಬಹುದು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣಗಳು ಹೆಚ್ಚಾಗಿರುವವೋ, ಈ ಹುಳಕ್ಕೆ ಎದುರಾಗಿ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಇರುವವೋ ಎಂದು ನೋಡಿ ವೈದ್ಯರು ಗುರುತಿಸುವರು.

ಎರಡನೆಯದು ನಾಯಿಯ ಕಿರು ಲಾಡಿಹುಳ. ಇದು ಕುರಿ ಸಾಕುವ ಸೀಮೆಯ ರೋಗ. ಅಮೀನಗಡದ ಕುರಿಸಂತೆಯನ್ನು ಬಲ್ಲ ನಮಗೆ ಇದು ದೂರದ ಮಾತಲ್ಲ. ಕುರಿಯ ಯಕೃತ್ತಿನಲ್ಲಿಯೂ ಪುಪ್ಪಸದಲ್ಲಿಯೂ ಕೆಲವು ಸಾರಿ ನೀರು ತುಂಬಿದ ಗುಳ್ಳೆಗಳು ಇರುವವು. ಕುರಿ ಕೊಯ್ದವರು ಅವನ್ನು ಕಂಡು ಹೇಸಿ ನಾಯಿಗೆ ಬಿಸಾಡುವರು. ನಾಯಿಯು ಅದನ್ನು ತಿಂದಾಗ ಅದರ ಕರುಳಿನಲ್ಲಿ ಬಹು ಚಿಕ್ಕದಾದ ಸಾವಿರಾರು ಹುಳಗಳು ಬೆಳೆಯುವವು. ಅವುಗಳ ತತ್ತಿಗಳು ನಾಯಿಯ ಮಲದಿಂದ ಮಣ್ಣಿಗೂ ಅದರ ಕೂದಲಿಗೂ ಅಂಟಿ, ಮಗುವಿನ ಕೈಯಿಂದ ಬಾಯಿಗೆ ಹೋಗುವವು. ಆ ಮೇಲೆ ಮಗುವಿನ ಯಕೃತ್ತಿನಲ್ಲಿಯೋ ಪುಪ್ಪಸದಲ್ಲಿಯೋ ಅಂಥದೇ ನೀರುಗುಳ್ಳೆಯು ವರುಷಗಟ್ಟಲೆ ಸದ್ದಿಲ್ಲದೆ ಬೆಳೆಯುವದು. ಐದು ವರುಷದ ಮಗುವಾಗಿದ್ದಾಗ ಸೇರಿದ ರೋಗವು ಹದಿನೈದರಲ್ಲಿ ಹೊಟ್ಟೆಯ ಗಡ್ಡೆಯಾಗಿ ಇಲ್ಲವೆ ಬಿಡದ ಕೆಮ್ಮಾಗಿ ಕಾಣಬಹುದು.

ಇದನ್ನು ಸ್ಕ್ಯಾನಿಂಗ್ ಯಂತ್ರದಿಂದಲೂ ಎಕ್ಸ್‌ರೇಯಿಂದಲೂ ಗುರುತಿಸುವರು. ಹೊಟ್ಟೆಯ ಗಡ್ಡೆಯನ್ನು ಯಾರೂ ಬಲವಾಗಿ ತಿಕ್ಕಬಾರದು, ಅನುಭವವಿಲ್ಲದವರು ಸೂಜಿಯಿಂದ ಚುಚ್ಚಲೂ ಬಾರದು. ಗುಳ್ಳೆಯು ಒಳಗೆ ಒಡೆದರೆ ಪ್ರಾಣಾಪಾಯವುಂಟು. ನಮ್ಮ ಮನೆಯಲ್ಲಿ ನಾಯಿಯಿದೆ, ಕುರಿಯಿದೆ ಎಂದು ಮೊದಲೇ ಹೇಳಿದರೆ ವೈದ್ಯರು ಎಚ್ಚರಿಕೆಯಿಂದ ನಡೆಯುವರು.

ನಮ್ಮ ಜಿಲ್ಲೆಯ ಮುಧೋಳದ ನಾಯಿಯು ಬೇಟೆಯಲ್ಲಿ ಹೆಸರಾದದ್ದು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯವರು ಅದರ ಚಿತ್ರವುಳ್ಳ ಅಂಚೆಚೀಟಿಯನ್ನೂ ಹೊರಡಿಸಿದರು. ಆದರೆ ಜಾತಿನಾಯಿಯಾದರೇನು, ಬೀದಿನಾಯಿಯಾದರೇನು, ಹುಳಕ್ಕೆ ಭೇದವಿಲ್ಲ. ಜಂತುಹುಳದ ಔಷಧವನ್ನು ಎರಡಕ್ಕೂ ಕೊಡಿಸಬೇಕು.

೬. ಆಡಿನ ಹಸಿ ಹಾಲೂ ತಿರುತಿರುಗಿ ಬರುವ ಜ್ವರವೂ

ಮಕ್ಕಳ ಮುದ್ದಿನ ಆಡು ಈದಾಗ ಕರೆದ ಹಾಲನ್ನು ಕಾಯಿಸದೆ ಕುಡಿಸಿದರೆ ಬಲ ಬರುವದೆಂದು ಅನೇಕರು ನಂಬುವರು. ಈ ನಂಬಿಕೆಯ ಬೆಲೆಯನ್ನು ಮಕ್ಕಳು ತೆರುವರು. ಆಡು, ಕುರಿ, ಆಕಳು, ಎಮ್ಮೆಗಳಲ್ಲಿ ಬ್ರುಸೆಲ್ಲಾ ಎಂಬ ಸೂಕ್ಷ್ಮಾಣುವು ಸೇರಿದರೆ ಅವು ಕಂದು ಹಾಕುವವು. ಅದು ಹಸಿ ಹಾಲಿನಿಂದಲೂ, ಈಯುವಾಗಿನ ಮಾಸು ಮತ್ತು ನೀರನ್ನು ಬರಿಗೈಯಿಂದ ಮುಟ್ಟುವದರಿಂದಲೂ ಮನುಷ್ಯರಿಗೆ ಬರುವದು.

ಈ ಸೂಕ್ಷ್ಮಾಣುವನ್ನು ೧೮೮೭ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯರು ಕಂಡುಹಿಡಿದರು. ಆದರೂ ಅದು ಎಲ್ಲಿಂದ ಬರುವದೆಂಬದು ಬಹಳ ವರುಷ ತಿಳಿಯಲಿಲ್ಲ. ೧೯೦೫ರಲ್ಲಿ ಅದೇ ದ್ವೀಪದ ವೈದ್ಯರಾದ ಥೆಮಿಸ್ಟೊಕ್ಲಿಸ್ ಝಮಿತ್ ಎಂಬವರು ನೋಡುವದಕ್ಕೆ ಪೂರ್ಣ ಆರೋಗ್ಯವಾಗಿದ್ದ ಆಡುಗಳಲ್ಲಿ ಅದರ ಗುರುತನ್ನು ಕಂಡರು. ಸೈನಿಕರಿಗೆ ಆಡಿನ ಹಾಲನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರವು ಇಳಿದುಹೋಯಿತು. ಆಡು ಚೆನ್ನಾಗಿದೆ, ಆದ್ದರಿಂದ ಹಾಲೂ ಚೆನ್ನಾಗಿದೆ ಎಂಬ ತರ್ಕವು ನಿಲ್ಲಲಾರದೆಂದು ಇದರಿಂದ ತಿಳಿಯುವದು.

ಮಾಲ್ಟಾ ದೂರದಲ್ಲಿದೆ ಅನ್ನಬೇಡಿರಿ. ಹುನಗುಂದ ತಾಲೂಕು ೧೯೯೭ರ ತನಕ ವಿಜಾಪುರ ಜಿಲ್ಲೆಗೆ ಸೇರಿತ್ತಷ್ಟೆ. ಅದೇ ವಿಜಾಪುರದಲ್ಲಿ ಬಿ. ಜಿ. ಮಂಟೂರ ಎಂಬ ವೈದ್ಯರೂ ಅವರ ಸಂಗಡಿಗರೂ ಈ ರೋಗವನ್ನು ಹುಡುಕಿ ನೋಡಿ, ೯೩ ಮಕ್ಕಳಲ್ಲಿ ಅದನ್ನು ಗುರುತಿಸಿದ ವರದಿಯನ್ನು ೨೦೦೪ರಲ್ಲಿ ಪ್ರಕಟಿಸಿದರು. ಹುಡುಕಿದ್ದರಿಂದ ಅವರಿಗೆ ಸಿಕ್ಕಿತು. ಹುಡುಕದೆ ಹೋಗಿದ್ದರೆ ಆ ಮಕ್ಕಳ ಜ್ವರಕ್ಕೆ ಬೇರೆ ಹೆಸರು ಬೀಳುತ್ತಿತ್ತು.

ಈ ಜ್ವರದ ಗುರುತುಗಳು ಹೀಗಿವೆ: ಜ್ವರವು ವಾರಗಟ್ಟಲೆ ಏರಿ ಇಳಿದು ತಿರುಗಿ ಬರುವದು, ಸಾಯಂಕಾಲ ಮೈ ಸುಟ್ಟು ರಾತ್ರಿಯಲ್ಲಿ ಬೆವರುವದು, ಮೊಣಕಾಲು ಅಥವಾ ಸೊಂಟದ ಕೀಲು ನೊಂದು ಮಗುವು ಕುಂಟುವದು, ಹಸಿವೆಯಿಲ್ಲದೆ ಸೊರಗುವದು. ಇದನ್ನು ಟೈಫಾಯ್ಡ್ ಎಂದೋ ಮಲೇರಿಯವೆಂದೋ ಎಣಿಸಿ ಔಷಧ ಕೊಟ್ಟರೆ ನಾಲ್ಕು ದಿನ ಇಳಿದಂತಾಗಿ ಮತ್ತೆ ಬರುವದು. ಅಂಥ ಮಗುವನ್ನು ಕರೆದುಕೊಂಡು ಹೋದ ತಾಯಿಗೂ ವೈದ್ಯರಿಗೂ ಇಂಥ ಮಾತು ನಡೆಯಬೇಕು:

“ಯವ್ವಾ, ಮನೆಯಲ್ಲಿ ಆಡು ಕಟ್ಟಿದ್ದೀರೇನು?”

“ಹೌದ್ರೀ, ಎರಡು ಅವ.”

“ಹಾಲು ಕಾಯಿಸಿ ಕೊಡುತ್ತೀಯೋ, ಹಸಿದೇ ಕೊಡುತ್ತೀಯೋ?”

“ಹಸಿದೇ ಕುಡೀತಾನ್ರೀ, ಕರೆದ ಕೂಡಲೆ ಅಲ್ಲೇ.”

“ಆಡು ಕಂದು ಹಾಕಿತ್ತೇನು?”

“ಹೋದ ತಿಂಗಳು ಒಂದು ಹಾಕಿತ್ರೀ.”

ಈ ಮೂರು ಉತ್ತರಗಳಿಂದ ವೈದ್ಯರಿಗೆ ದಾರಿ ತೆರೆಯುವದು. ಆ ಮೇಲೆ ಬ್ರುಸೆಲ್ಲಾಕ್ಕಾಗಿಯೇ ಮಾಡುವ ರಕ್ತಪರೀಕ್ಷೆಯನ್ನು ಅವರು ಬರೆದುಕೊಡುವರು. ರೋಗವು ನಿಶ್ಚಯವಾದರೆ ಸಾಮಾನ್ಯವಾಗಿ ಎರಡು ಔಷಧಗಳನ್ನು ಕೂಡಿಸಿ ಸುಮಾರು ಆರು ವಾರಗಳ ತನಕ ಕೊಡುವರು. ಜ್ವರ ಬಿಟ್ಟಿತೆಂದು ನಡುವೆ ಔಷಧವನ್ನು ನಿಲ್ಲಿಸಿದರೆ ರೋಗವು ಮರಳುವದು.

೭. ಗುರುತಿಗಾಗಿ ಕಾಯಲೇಬಾರದ ರೋಗ

ಈ ವರೆಗೆ ಹೇಳಿದ ರೋಗಗಳಲ್ಲಿ ಮೊದಲು ಗುರುತು, ಆ ಮೇಲೆ ಚಿಕಿತ್ಸೆ. ಹುಚ್ಚುನಾಯಿಯ ರೋಗದಲ್ಲಿ ಈ ಕ್ರಮವನ್ನು ತಲೆಕೆಳಗಾಗಿ ಮಾಡಬೇಕು. ಕಚ್ಚಿದ ದಿನದಿಂದ ರೋಗವು ಕಾಣುವ ದಿನದ ತನಕ, ಇವನಿಗೆ ರೋಗ ತಗಲಿದೆಯೋ ಇಲ್ಲವೋ ಎಂದು ತಿಳಿಸುವ ಪರೀಕ್ಷೆಯು ಇಲ್ಲ. ಈ ನಡುವಣ ಕಾಲವು ಹೆಚ್ಚಾಗಿ ಒಂದರಿಂದ ಮೂರು ತಿಂಗಳು. ಕೆಲವರಲ್ಲಿ ಕೆಲವೇ ದಿನ, ಕೆಲವರಲ್ಲಿ ವರುಷ. ವಿಷಾಣುವು ಗಾಯದಿಂದ ನರಗಳನ್ನು ಹಿಡಿದು ಮಿದುಳಿನ ಕಡೆಗೆ ನಡೆಯುವದರಿಂದ ಮುಖಕ್ಕೂ ತಲೆಗೂ ಕಚ್ಚಿಸಿಕೊಂಡ ಮಗುವಿಗೆ ಕಾಲಾವಕಾಶವು ಕಡಿಮೆ. ಗಾಯದಲ್ಲಿ ಜುಮುಗುಡುವದು, ನೀರನ್ನು ಕಂಡರೆ ಗಂಟಲು ಬಿಗಿಯುವದು, ಗಾಳಿ ಸೋಕಿದರೆ ಬೆಚ್ಚುವದು, ಇವು ಒಮ್ಮೆ ಕಂಡವೆಂದರೆ ಲೋಕದ ಯಾವ ದವಾಖಾನೆಯಲ್ಲಿಯೂ ಆ ಮಗುವನ್ನು ಉಳಿಸುವದು ಬಹುಮಟ್ಟಿಗೆ ಆಗದ ಮಾತು. ಆದರೆ ಅದಕ್ಕೆ ಮುಂಚೆ ಸರಿಯಾದ ಚಿಕಿತ್ಸೆ ಪಡೆದ ಮಗುವು ಉಳಿಯುವದು. ಇಷ್ಟು ಭಯಂಕರವಾದ ರೋಗಕ್ಕೆ ಇಷ್ಟು ನೆಚ್ಚತಕ್ಕ ತಡೆ ಇರುವದು ದೊಡ್ಡ ಉಪಕಾರವಲ್ಲವೋ?

೧೮೮೫ನೆಯ ಇಸವಿ ಜುಲೈ ೬ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಎಂಬ ವಿದ್ವಾಂಸರು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರುಷದ ಹುಡುಗನಿಗೆ ಈ ಲಸಿಕೆಯನ್ನು ಮೊದಲು ಕೊಡಿಸಿದರು, ಹುಡುಗನು ಬದುಕಿದನು. ನಮ್ಮ ದೇಶದಲ್ಲಿ ೧೯೦೦ರಲ್ಲಿ ಕಸೌಲಿಯಲ್ಲಿಯೂ ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಇದಕ್ಕಾಗಿ ಪಾಶ್ಚರ್ ಸಂಸ್ಥೆಗಳು ತೆರೆದವು. ಆ ಕಾಲದಲ್ಲಿ ಚಿಕಿತ್ಸೆಗಾಗಿ ದೂರದ ಪ್ರಯಾಣವನ್ನು ಮಾಡಬೇಕಿತ್ತು. ಈಗ ಸರಕಾರಿ ದವಾಖಾನೆಯಲ್ಲಿ ಅದು ಉಚಿತವಾಗಿ ದೊರೆಯುವದು. ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂಬ ಭಯವು ಇನ್ನೂ ಹಿರಿಯರ ಮನಸ್ಸಿನಲ್ಲಿದೆ; ಆ ಹಳೆಯ ಮದ್ದನ್ನು ಭಾರತದಲ್ಲಿ ೨೦೦೪ರಲ್ಲಿಯೇ ನಿಲ್ಲಿಸಿದರು. ಈಗಿನ ಸೂಜಿಯನ್ನು ತೋಳಿಗೆ, ಚಿಕ್ಕ ಕೂಸಿಗಾದರೆ ತೊಡೆಗೆ, ಹಾಕುವರು.

ಕಚ್ಚಿದ ಕೂಡಲೆ ಮಾಡತಕ್ಕದ್ದು ಇದು:

ಒಂದು. ಗಾಯವನ್ನು ಸುರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ಣ ಹದಿನೈದು ನಿಮಿಷ ತೊಳೆಯಿರಿ. ವಿಷಾಣುವು ಸಾಬೂನಿಗೆ ಸಾಯುವದು. ಈ ಕೆಲಸವನ್ನು ಮರೋಳದಲ್ಲಿಯೇ, ನಿಮ್ಮ ಬಚ್ಚಲಲ್ಲಿಯೇ ಮಾಡಬಹುದು. ಅದನ್ನು ಬಿಟ್ಟು ಬಂಡಿಯನ್ನೋ ಬಸ್ಸನ್ನೋ ಹುಡುಕಲು ಓಡಬೇಡಿರಿ.

ಎರಡು. ಖಾರದ ಪುಡಿ, ಸುಣ್ಣ, ಅರಿಷಿಣ, ಎಣ್ಣೆ, ಸೊಪ್ಪಿನ ರಸ ಯಾವದನ್ನೂ ಹಚ್ಚಬೇಡಿರಿ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿರಿ.

ಮೂರು. ಅದೇ ದಿನ ದವಾಖಾನೆಗೆ ಹೋಗಿರಿ. ರಕ್ತ ಬಂದ ಗಾಯವಾದರೆ ಲಸಿಕೆಯ ಸಂಗಡ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದ ಸುತ್ತಲೇ ಹಾಕಬೇಕು. ಇದು ಎಲ್ಲಾ ಚಿಕ್ಕ ದವಾಖಾನೆಗಳಲ್ಲಿ ಇರದೆ ಇರಬಹುದಾದ್ದರಿಂದ ಕೇಳಿ ತಿಳಿದು, ಇಲ್ಲವೆಂದರೆ ತಾಲೂಕಿನ ಇಲ್ಲವೆ ಜಿಲ್ಲೆಯ ದವಾಖಾನೆಗೆ ಹೋಗಿರಿ.

ನಾಲ್ಕು. ಮೊದಲ ಸೂಜಿಯ ದಿನದಿಂದ ಎಣಿಸಿ ೩, ೭, ೨೮ನೆಯ ದಿನಗಳಲ್ಲಿ ಮತ್ತೆ ಹೋಗಬೇಕು. ಸ್ನಾಯುವಿಗೆ ಹಾಕುವ ಕ್ರಮದಲ್ಲಿ ೧೪ನೆಯ ದಿನವೂ ಸೇರುವದು. ಗಾಯ ಮಾಯ್ದಿತೆಂದು, ಸುಗ್ಗಿ ಬಂತೆಂದು ನಡುವೆ ಬಿಡಬಾರದು.

ಐದು. ಕಚ್ಚಿದ ನಾಯಿಯೋ ಬೆಕ್ಕೋ ಸಿಕ್ಕುವಂತಿದ್ದರೆ ಅದನ್ನು ಕೊಲ್ಲದೆ ಹತ್ತು ದಿನ ದೂರದಿಂದ ನೋಡುತ್ತಿರಿ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಉಳಿದ ಸೂಜಿಗಳ ವಿಷಯವನ್ನು ವೈದ್ಯರು ನಿರ್ಣಯಿಸುವರು. ಆದರೆ ಹತ್ತು ದಿನ ನೋಡಿ ಆ ಮೇಲೆ ಸೂಜಿ ಹಾಕಿಸೋಣ ಎಂದು ಕಾಯಬಾರದು. ಸೂಜಿಯೂ ಕಾವಲೂ ಒಂದೇ ದಿನ ಆರಂಭವಾಗಬೇಕು.

ನಮ್ಮ ಮನೆಯ ಮರಿಯೇ ಅಲ್ಲವೇ, ಹಲ್ಲು ತಾಗಿತಷ್ಟೆ ಎಂದು ಅಲಕ್ಷ್ಯ ಮಾಡಬೇಡಿರಿ. ಚಿಕ್ಕ ಮರಿಗೂ ಈ ರೋಗವು ಬರುವದು, ಬೆಕ್ಕಿನಿಂದಲೂ ಬರುವದು, ಗಾಯವನ್ನು ನೆಕ್ಕಿದರೂ ಬರಬಹುದು. ಕರ್ನಾಟಕ ಸರಕಾರದವರು ೨೦೨೨ರಲ್ಲಿ ಮನುಷ್ಯರ ಈ ರೋಗವನ್ನು ಕಡ್ಡಾಯವಾಗಿ ವರದಿಮಾಡತಕ್ಕ ರೋಗಗಳಲ್ಲಿ ಸೇರಿಸಿದ್ದಾರೆ. ಮಂತ್ರಿಸಿದ ದಾರಕ್ಕೂ ನಾಟಿಯ ಬೇರಿಗೂ ಇದರ ಮೇಲೆ ಅಧಿಕಾರವಿಲ್ಲ. ಅವುಗಳಲ್ಲಿ ಕಳೆದ ದಿನಗಳು ಮಗುವಿನ ಆಯುಷ್ಯದಿಂದಲೇ ಕಳೆದವು.

ತಂದೆತಾಯಿಗಳೇ, ಒಂದು ಮಾತು. ನಾಯಿ ಕಚ್ಚಿತೆಂದು ಹೇಳಿದ ಮಗುವನ್ನು ಎಂದಿಗೂ ಹೊಡೆಯಬೇಡಿರಿ, ಬೈಯಬೇಡಿರಿ. ಹೊಡೆಸಿಕೊಂಡ ಮಗುವು ಇನ್ನೊಮ್ಮೆ ಹೇಳದು. ಆ ಮೌನವೇ ಅದರ ಮರಣಕ್ಕೆ ಕಾರಣವಾದೀತು.

೮. ಮನೆಯಲ್ಲಿ ಅನುಸರಿಸತಕ್ಕ ನಿಯಮಗಳು

ಈ ರೋಗಗಳಿಗೆ ಹೆದರಿ ಪ್ರಾಣಿಗಳನ್ನು ಹೊರಗೆ ಅಟ್ಟಬೇಕಾಗಿಲ್ಲ. ಇಷ್ಟನ್ನು ಮಾಡಿದರೆ ಸಾಕು: ನಾಯಿಗೆ ಮೂರು ತಿಂಗಳಾದಾಗ ಹುಚ್ಚಿನ ಲಸಿಕೆಯನ್ನು ಹಾಕಿಸಿ ವರುಷ ವರುಷವೂ ತಪ್ಪದೆ ಮುಂದುವರಿಸಿರಿ. ಮರಿಗಳಿಗೆ ಎರಡು ವಾರವಾದಂದಿನಿಂದ ದನದ ದವಾಖಾನೆಯಲ್ಲಿ ಕೇಳಿ ಹುಳದ ಔಷಧವನ್ನು ಕೊಡಿಸಿರಿ. ಕುರಿ ಕೊಯ್ದಾಗ ಗುಳ್ಳೆಯುಳ್ಳ ಒಳಭಾಗಗಳನ್ನು ನಾಯಿಗೆ ಹಾಕದೆ ಆಳವಾಗಿ ಹುಗಿಯಿರಿ, ಇಲ್ಲವೆ ಸುಡಿರಿ. ಹಾಲನ್ನು ಉಕ್ಕುವಂತೆ ಕಾಯ್ದ ಮೇಲೆಯೇ ಕುಡಿಸಿರಿ. ಆಡು ಈಯುವಾಗ ಮಕ್ಕಳನ್ನು ದೂರವಿರಿಸಿ, ಮಾಸನ್ನು ಹುಗಿದು ಕೈ ತೊಳೆಯಿರಿ. ಆಕಳು ಎಮ್ಮೆಗಳ ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ಹಾಕುವ ರೋಗದ ಲಸಿಕೆಯನ್ನು ಹಾಕಿಸಿರಿ. ಮಕ್ಕಳು ಆಡುವ ಅಂಗಳದಲ್ಲಿ ಬಿದ್ದ ನಾಯಿಬೆಕ್ಕುಗಳ ಹೊಲಸನ್ನು ಅಂದಂದೇ ತೆಗೆಯಿರಿ. ಪ್ರಾಣಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದಲ್ಲದೆ ರೊಟ್ಟಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ರೂಢಿಮಾಡಿಸಿರಿ. ಉಣ್ಣುವ, ಮಲಗಿರುವ, ಮರಿಗೆ ಹಾಲೂಡಿಸುವ ನಾಯಿಯ ಹತ್ತಿರ ಹೋಗಬಾರದೆಂದೂ ಕಲಿಸಿರಿ.

ಓದಬಲ್ಲವರು ಈ ಪಾಠವನ್ನು ಓದಲಾರದ ನೆರೆಯವರಿಗೂ ಓದಿ ಹೇಳಲಿ. ವಿಶೇಷವಾಗಿ ಏಳನೆಯ ಭಾಗವನ್ನು ಎರಡು ಸಾರಿ ಓದಲಿ.

ವಿಚಾರಿಸತಕ್ಕ ಪ್ರಶ್ನೆಗಳು

(೧) ದವಾಖಾನೆಗೆ ಹೋಗುವಾಗ ನೆನಪಿನಲ್ಲಿಡತಕ್ಕ ಆರು ಸಂಗತಿಗಳಾವವು?

(೨) ನಾಯಿಯಿಂದ ಬಂದ ತುರಿಗೂ ಮನುಷ್ಯರ ಕಜ್ಜಿಗೂ ಇರುವ ಭೇದವೇನು?

(೩) ಕಂಕುಳಿನ ಗಂಟಿನ ವಿಷಯದಲ್ಲಿ ವೈದ್ಯರಿಗೆ ಯಾವ ಎರಡು ಮಾತುಗಳನ್ನು ಹೇಳಬೇಕು?

(೪) ಮಗುವಿನ ಮಲದಲ್ಲಿ ಹುಳ ಕಾಣದಿದ್ದರೂ ನಾಯಿಮರಿಯ ಹುಳದ ರೋಗವು ಹೇಗೆ ಇರಬಹುದು?

(೫) ಕುರಿಯ ನೀರುಗುಳ್ಳೆಯು ಮಗುವಿನ ಹೊಟ್ಟೆಯ ತನಕ ಯಾವ ದಾರಿಯಿಂದ ಬರುವದು?

(೬) ವಾರಗಟ್ಟಲೆ ತಿರುಗಿ ಬರುವ ಜ್ವರವಿದ್ದರೆ ಹಾಲಿನ ವಿಷಯವನ್ನು ಕೇಳುವದೇಕೆ?

(೭) ಹುಚ್ಚುನಾಯಿಯ ರೋಗದಲ್ಲಿ ಗುರುತಿಗಾಗಿ ಕಾಯಬಾರದೇಕೆ? ಕಚ್ಚಿದ ಕೂಡಲೆ ಮಾಡತಕ್ಕ ಮೊದಲ ಕೆಲಸವಾವದು?

(೮) ನಿಮ್ಮ ಮನೆಯ ನಾಯಿಗೆ ಲಸಿಕೆ ಹಾಕಿಸಿ ಎಷ್ಟು ದಿನಗಳಾದವು?